ಬೈಸಿಕಲ್ಲಿನ ಹಿಂಬದಿ ಗೇರು: ಕಡಲೂರಿನ ಕಾರಣ, ಬಿಸಿಲೂರಿನ ಕಾರಣ

ಗೇರುಳ್ಳ ಬೈಸಿಕಲ್ಲನ್ನು ಕೊಂಡು ವರ್ಷ ತುಂಬುವ ಹೊತ್ತಿಗೆ ಅದರ ಒಡೆಯರ ಬಾಯಲ್ಲಿ ಕೇಳಿಬರತಕ್ಕ ದೂರುಗಳು ಹೆಚ್ಚೇನೂ ಇಲ್ಲ: ಬೆರಳೊತ್ತಿದರೂ ಗೇರು ಬೀಳುವುದಿಲ್ಲ; ಬಿದ್ದ ಗೇರು ನಿಲ್ಲದೆ ಏರಿನ ನಡುವೆ ತಾನಾಗಿಯೇ ಬದಲಾಗುತ್ತದೆ; ಚೈನು ಎಡೆಬಿಡದೆ ಕಟಕಟ ಎನ್ನುತ್ತದೆ; ಒತ್ತಿ ತುಳಿದರೆ ಜಾರುತ್ತದೆ. ಈ ದೂರನ್ನು ಹೊತ್ತು ಅಂಗಡಿಗೆ ಹೋದವರಿಗೆ ದೊರೆಯುವ ಚಿಕಿತ್ಸೆಯೂ ಬಹುಮಟ್ಟಿಗೆ ಒಂದೇ. ಸ್ಕ್ರೂಡ್ರೈವರು ಹಿಡಿದು, ಗೇರು ಬದಲಿಸುವ ಭಾಗವಾದ ಡಿರೈಲರಿನ ಬೆನ್ನ ಮೇಲಿರುವ ಎರಡು ಪುಟ್ಟ ತಿರುಪುಗಳನ್ನು ಅತ್ತಿತ್ತ ತಿರುಗಿಸುತ್ತಾರೆ. ಗೇರು ಒಂದೆರಡು ದಿನ ಸರಿಹೋದಂತೆ ತೋರಿ ಮತ್ತೆ ಮೊದಲಿನ ಅವಸ್ಥೆಗೆ ಮರಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಮೊದಲ ಜೋಡಣೆಯಲ್ಲಿ ಸರಿಯಾಗಿ ನಿಲ್ಲಿಸಿದ ತಿರುಪುಗಳು ತಾವಾಗಿ ಕದಲುವುದು ಅಪೂರ್ವ. ನಿನ್ನೆಯವರೆಗೆ ನೆಟ್ಟಗಿದ್ದ ಗೇರು ಇಂದು ಕೆಟ್ಟಿತೆಂದರೆ ಎಲ್ಲಿಯೋ ಒಂದು ತಂತಿ ತುಕ್ಕು ಹಿಡಿದಿದೆ, ಅಥವಾ ಒಂದು ಲೋಹದ ಕಿವಿ ಬಾಗಿದೆ, ಅಥವಾ ಚೈನು ಸವೆದಿದೆ. ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸಿ ಮುಗಿಸಿದ ಮೇಲೆ ಮಾತ್ರವೇ ತಿರುಪಿಗೆ ಕೈಹಾಕತಕ್ಕದ್ದು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಈ ಮಾತಿಗೆ ಆಂಧ್ರಪ್ರದೇಶದ ಎರಡು ನಗರಗಳನ್ನು ನಿದರ್ಶನವಾಗಿ ತೆಗೆದುಕೊಂಡಿದ್ದೇನೆ. ನೌಕಾಪಡೆ, ಉಕ್ಕಿನ ಕಾರ್ಖಾನೆ, ರೈಲ್ವೆ, ವಿದ್ಯಾಭ್ಯಾಸ ಮೊದಲಾದ ನಿಮಿತ್ತಗಳಿಂದ ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ನೆಲೆಸಿರುವ ಕನ್ನಡಿಗರುಂಟು. ಇತಿಹಾಸವನ್ನು ಬಲ್ಲ ಕನ್ನಡ ಓದುಗರಿಗಂತೂ ಈ ಸೀಮೆ ಅಪರಿಚಿತವಲ್ಲ, ಏಕೆಂದರೆ ಕಳಿಂಗದ ದಂಡಯಾತ್ರೆಯಲ್ಲಿ ಕೃಷ್ಣದೇವರಾಯನು ಗೆದ್ದ ಕೊಂಡಪಲ್ಲಿಯ ದುರ್ಗವು ವಿಜಯವಾಡದ ಸಮೀಪದಲ್ಲಿಯೂ, ಅವನು ಸ್ವಾಮಿದರ್ಶನ ಮಾಡಿ ದಾನವಿತ್ತು ಶಾಸನ ಬರೆಯಿಸಿದ ಸಿಂಹಾಚಲವು ವಿಶಾಖಪಟ್ಟಣದ ಮಗ್ಗುಲಲ್ಲಿಯೂ ಇವೆ. ಆದರೆ ಬೈಸಿಕಲ್ಲಿನ ದೃಷ್ಟಿಯಿಂದ ಇವೆರಡೂ ಭಿನ್ನ ಪ್ರಪಂಚಗಳು. ಒಂದು ಕಡಲು ಮತ್ತು ಗುಡ್ಡಗಳ ಊರು, ಇನ್ನೊಂದು ನದಿ ಮತ್ತು ಬಯಲಿನ ಊರು. ಒಂದರ ಗಾಳಿಯಲ್ಲಿ ಉಪ್ಪು, ಇನ್ನೊಂದರ ಗಾಳಿಯಲ್ಲಿ ಧೂಳು. ದೂರು ಒಂದೇ ಆಗಿದ್ದರೂ ಕಾರಣ ಬೇರೆಯಾಗುವುದನ್ನು ತೋರಿಸಲು ಇದಕ್ಕಿಂತ ಅನುಕೂಲವಾದ ಜೋಡಿ ದೊರೆಯಲಾರದು. ವಿಶಾಖಪಟ್ಟಣಕ್ಕೆ ಸಲ್ಲುವ ಮಾತು ಕಾರವಾರ, ಮಲ್ಪೆ, ಮಂಗಳೂರು, ಕಾಸರಗೋಡುಗಳಿಗೂ, ವಿಜಯವಾಡಕ್ಕೆ ಸಲ್ಲುವ ಮಾತು ರಾಯಚೂರು, ಕಲಬುರಗಿ ಮತ್ತು ಸೈಕಲ್ ಸವಾರರಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳಿಗೂ ಹೆಚ್ಚುಕಡಮೆ ಹಾಗೆಯೇ ಸಲ್ಲುತ್ತದೆ.

ಮೊದಲು ಯಂತ್ರದ ರೀತಿಯನ್ನು ತಿಳಿಯೋಣ. ಹಿಂದಿನ ಗಾಲಿಯ ನಡುವೆ ಸಣ್ಣದರಿಂದ ದೊಡ್ಡದರವರೆಗೆ ಒಂದರ ಪಕ್ಕ ಒಂದಾಗಿ ಜೋಡಿಸಿರುವ ಹಲ್ಲುಚಕ್ರಗಳ ಗುಂಪಿದೆ, ಅದರ ಕೆಳಗೆ ಎರಡು ಪುಟ್ಟ ಗಾಲಿಗಳನ್ನು ಹೊತ್ತ ತೋಳೊಂದು ತೂಗಾಡುತ್ತದೆ, ಇದೇ ಡಿರೈಲರು. ತೋಳಿನೊಳಗಿನ ಸ್ಪ್ರಿಂಗು ಅದನ್ನು ಸದಾ ಹೊರಗಡೆಗೆ, ಎಂದರೆ ಸಣ್ಣ ಚಕ್ರದ ಕಡೆಗೆ, ತಳ್ಳುತ್ತಿರುತ್ತದೆ. ಹಿಡಿಕೆಯ ಬಳಿಯ ಲಿವರಿನಿಂದ ಬರುವ ಉಕ್ಕಿನ ತಂತಿಯು ಅದನ್ನು ಒಳಗಡೆಗೆ, ಎಂದರೆ ದೊಡ್ಡ ಚಕ್ರದ ಕಡೆಗೆ, ಎಳೆಯುತ್ತದೆ. ಬೆರಳು ಎಳೆಯುತ್ತದೆ, ಸ್ಪ್ರಿಂಗು ಹಿಂದಿರುಗಿಸುತ್ತದೆ. ಈ ಎರಡು ಶಕ್ತಿಗಳ ಸ್ವಭಾವ ಒಂದೇ ಅಲ್ಲವೆಂಬುದನ್ನು ಓದುಗರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಬೆರಳಿನ ಬಲ ಬೇಕಾದಷ್ಟು ಹೆಚ್ಚಬಲ್ಲದು, ಸ್ಪ್ರಿಂಗಿನ ಬಲ ನಿಯತವಾದದ್ದು.

ಹಿಂದಿನ ಕಾಲದಲ್ಲಿ ಈ ಲಿವರಿಗೆ ಕ್ಲಿಕ್ಕುಗಳಿರಲಿಲ್ಲ. ಫ್ರಾನ್ಸಿನ ಪ್ರಸಿದ್ಧ ಪ್ರದಕ್ಷಿಣ ಸ್ಪರ್ಧೆಯಾದ ಟೂರ್ ದ ಫ್ರಾನ್ಸಿನಲ್ಲಿ ಡಿರೈಲರಿಗೆ ಅನುಮತಿ ದೊರೆತದ್ದೇ 1937ರಲ್ಲಿ. ಅಂದಿನಿಂದ ಹಲವು ದಶಕಗಳವರೆಗೆ ಸವಾರರು ಲಿವರನ್ನು ಅಂದಾಜಿನಿಂದ ಸರಿಸಿ, ಸದ್ದು ನಿಲ್ಲುವವರೆಗೆ ಕಿವಿಯಿಂದಲೇ ಹದ ಮಾಡಿಕೊಳ್ಳುತ್ತಿದ್ದರು. 1984ರಲ್ಲಿ ಜಪಾನಿನ ಶಿಮಾನೊ ಸಂಸ್ಥೆಯು ಒಂದೊಂದು ಕ್ಲಿಕ್ಕಿಗೆ ಒಂದೊಂದು ಗೇರೆಂಬ ವ್ಯವಸ್ಥೆಯನ್ನು ಯಶಸ್ವಿಯಾಗಿ ಬಳಕೆಗೆ ತಂದ ಮೇಲೆ ಈ ಶ್ರಮ ತಪ್ಪಿತು. ಆದರೆ ಅದರೊಂದಿಗೆ, ಮನುಷ್ಯನ ಕಿವಿ ಸೈರಿಸಿ ಸರಿದೂಗಿಸುತ್ತಿದ್ದ ಅಲ್ಪದೋಷವನ್ನು ಯಂತ್ರವು ಸೈರಿಸದಂತೆಯೂ ಆಯಿತು. ನಮ್ಮಲ್ಲಿ ಬಹಳವಾಗಿ ಮಾರಾಟವಾಗುವ ಏಳು ಹಿಂಗೇರಿನ ಬೈಸಿಕಲ್ಲಿನಲ್ಲಿ ಒಂದು ಹಲ್ಲುಚಕ್ರದ ನಡುವಿನಿಂದ ಮುಂದಿನದರ ನಡುವಿಗೆ 5 ಮಿಲಿಮೀಟರು ದೂರ. ಹತ್ತು ಗೇರಿನದರಲ್ಲಿ ಅದು 4 ಮಿಲಿಮೀಟರಿಗೂ ಕಡಮೆ. ಏಳು ಗೇರಿನದರಲ್ಲಿ ಒಂದು ಕ್ಲಿಕ್ಕಿಗೆ ತಂತಿ ಸರಿಯುವುದು ಸುಮಾರು 3 ಮಿಲಿಮೀಟರು ಮಾತ್ರ. ಇಷ್ಟು ಸೂಕ್ಷ್ಮವಾದ ಚಲನೆಯಲ್ಲಿ ಅರ್ಧ ಮಿಲಿಮೀಟರು ಎಲ್ಲಿಯೋ ಸಿಕ್ಕಿಕೊಂಡರೆ ಸಾಕು, ಚೈನು ಎರಡು ಚಕ್ರಗಳ ನಡುವೆ ತ್ರಿಶಂಕುವಾಗುತ್ತದೆ.

ಇನ್ನು ಲಕ್ಷಣಗಳನ್ನು ಓದುವ ಕ್ರಮ. ಬೈಸಿಕಲ್ಲಿನ ಹಿಂಗಾಲಿಯನ್ನು ನೆಲದಿಂದ ಎತ್ತಿ ಹಿಡಿಯಲು ಒಬ್ಬರ ಸಹಾಯ ಪಡೆದು, ಪೆಡಲನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಗೇರನ್ನು ಮೇಲಕ್ಕೂ ಕೆಳಕ್ಕೂ ಬದಲಿಸಿ ನೋಡಿರಿ. ದೊಡ್ಡ ಚಕ್ರಕ್ಕೆ ಏರುವಾಗ ಮಾತ್ರ ಹಿಂಜರಿದು, ಸಣ್ಣದಕ್ಕೆ ಇಳಿಯುವಾಗ ಚುರುಕಾಗಿದ್ದರೆ ತಂತಿ ಸಡಿಲವಾಗಿದೆ. ಇದು ಎಲ್ಲಕ್ಕಿಂತ ಸುಲಭವಾದ ದೋಷ. ಏರುವಾಗ ಸರಿಯಾಗಿದ್ದು ಇಳಿಯುವಾಗ ತಡವಾದರೆ, ಅಥವಾ ಎರಡು ಕ್ಲಿಕ್ಕು ಮಾಡಿದ ಮೇಲೆ ಒಮ್ಮೆಲೇ ಎರಡು ಗೇರು ಬಿದ್ದರೆ, ತಂತಿ ಬಿಗಿಯಾಗಿದೆ ಎಂದು ಮೇಲ್ನೋಟಕ್ಕೆ ತೋರಬಹುದಾದರೂ ನಿಜವಾದ ಕಾರಣ ಪ್ರಾಯಶಃ ತಂತಿಯ ಹಾದಿಯಲ್ಲಿನ ಘರ್ಷಣೆ. ಬೆರಳು ಆ ಘರ್ಷಣೆಯನ್ನು ಗೆದ್ದು ಎಳೆಯುತ್ತದೆ, ನಿಯತಬಲದ ಸ್ಪ್ರಿಂಗು ಅದಕ್ಕೆ ಸೋಲುತ್ತದೆ. ಸಣ್ಣ ಚಕ್ರಗಳಲ್ಲಿ ಹದ ಮಾಡಿದರೆ ದೊಡ್ಡವು ಕೆಡುತ್ತವೆ, ದೊಡ್ಡವನ್ನು ಸರಿಪಡಿಸಿದರೆ ಸಣ್ಣವು ಕೆಡುತ್ತವೆ ಎಂಬ ಸ್ಥಿತಿಯಿದ್ದರೆ ಡಿರೈಲರನ್ನು ಹೊತ್ತ ಹ್ಯಾಂಗರು ಬಾಗಿದೆಯೆಂದು ಶಂಕಿಸಬೇಕು. ಗೇರೆಲ್ಲ ಸರಿಯಾಗಿ ಬಿದ್ದು, ಒತ್ತಿ ತುಳಿದಾಗ ಮಾತ್ರ ಚೈನು ಹಲ್ಲುಗಳ ಮೇಲೆ ಜಿಗಿದರೆ ಅದು ಸವೆತ. ಪೆಡಲಿನ ಕೆಲವು ಸುತ್ತುಗಳಿಗೊಮ್ಮೆ ತಪ್ಪದೆ ಒಂದು ಮುಗ್ಗರಿಕೆ ಬರುತ್ತಿದ್ದರೆ ಚೈನಿನ ಒಂದು ಕೊಂಡಿ ಬಿಗಿದಿದೆ. ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗ ಪುಟ್ಟ ಗಾಲಿಗಳನ್ನು ಹಾಯುವಾಗ ಕುಪ್ಪಳಿಸುವ ಕೊಂಡಿಯೇ ಅದು, ಅದನ್ನು ಎರಡು ಕೈಗಳಿಂದ ಹಿಡಿದು ಅಡ್ಡಕ್ಕೆ ಮೆಲ್ಲಗೆ ಬಳುಕಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಬಹುಮಟ್ಟಿಗೆ ಸಡಿಲಾಗುತ್ತದೆ.

ವಿಶಾಖಪಟ್ಟಣದ ಬೈಸಿಕಲ್ಲುಗಳ ಮಟ್ಟಿಗೆ ಶೋಧನೆಯನ್ನು ತಂತಿಯಿಂದಲೇ ಆರಂಭಿಸತಕ್ಕದ್ದು. ರಾಮಕೃಷ್ಣ ಬೀಚಿನಿಂದ, 2002ರಿಂದ ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ದಾಟಿ, ಋಷಿಕೊಂಡದ ಮೂಲಕ ಭೀಮುನಿಪಟ್ಟಣಕ್ಕೆ ಸಮುದ್ರವನ್ನು ಬಲಗಡೆಗಿಟ್ಟುಕೊಂಡು ಸುಮಾರು 25 ಕಿಲೋಮೀಟರು ಸಾಗುವ ದಾರಿಯು ಭಾರತದ ಪೂರ್ವ ಕರಾವಳಿಯಲ್ಲಿ ಸೈಕಲ್ ಸವಾರಿಗೆ ಇರತಕ್ಕ ಅತ್ಯಂತ ರಮಣೀಯವಾದ ದಾರಿಗಳಲ್ಲೊಂದು ಎಂದು ನನ್ನ ಅಭಿಪ್ರಾಯ. ಆದರೆ ಅಲೆಯೊಡೆದು ಏಳುವ ತುಂತುರಿನ ಉಪ್ಪು ಈ ದಾರಿಯುದ್ದಕ್ಕೂ ಗಾಳಿಯಲ್ಲಿ ಬೆರೆತಿದ್ದು, ಒಣಗಿದ ಮೇಲೆಯೂ ರಾತ್ರಿಯ ತೇವವನ್ನು ತನ್ನೊಳಗೆ ಸೆಳೆದುಕೊಂಡು ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ಹೊರಗೆ ಕಾಣುವ ತುಕ್ಕನ್ನು ಒರೆಸಬಹುದು. ಅಪಾಯವಿರುವುದು ತಂತಿಯು ಕರಿಯ ಕೊಳವೆಯೊಳಗೆ, ಎಂದರೆ ಮೆಕ್ಯಾನಿಕರು ಔಟರ್ ಎಂದು ಕರೆಯುವ ಕವಚದೊಳಗೆ, ಮರೆಯಾಗುವ ಕಡೆಯಲ್ಲಿ.

ಹೀಗೆ ಕಣ್ಣಿಗೆ ಬೀಳದ ಸ್ಥಳಗಳಲ್ಲಿ ಎರಡು ಮುಖ್ಯವಾದವು. ಒಂದು, ಚೌಕಟ್ಟಿನಿಂದ ಡಿರೈಲರಿಗೆ ಹಿಂದಿನಿಂದ ಸುತ್ತಿಬರುವ ಕೊನೆಯ ಬಳುಕು: ತಂತಿಯ ಗುಂಟ ಇಳಿದುಬರುವ ನೀರು ಆ ಬಳುಕಿನ ತಗ್ಗಿನಲ್ಲಿ ನಿಂತು ಹೊರಹೋಗಲಾರದೆ ಅಲ್ಲಿಯೇ ಒಣಗುತ್ತದೆ. ಇನ್ನೊಂದು, ಪೆಡಲಿನ ಅಚ್ಚಿನ ಅಡಿಯಲ್ಲಿರುವ ಪ್ಲಾಸ್ಟಿಕ್ಕಿನ ತೋಡು: ಅನೇಕ ಬೈಸಿಕಲ್ಲುಗಳಲ್ಲಿ ತಂತಿಯು ಬೆತ್ತಲೆಯಾಗಿ ಆ ತೋಡಿನಲ್ಲಿ ಜಾರಿ ಹೋಗುವುದರಿಂದ ಮುಂಗಾಲಿ ಎರಚಿದ ಮರಳೂ ಕೆಸರೂ ಅಲ್ಲಿ ಸೇರಿ ಗಟ್ಟಿಯಾಗಿ ಕೂಡುತ್ತವೆ, ಬೈಸಿಕಲ್ಲನ್ನು ತಲೆಕೆಳಗು ಮಾಡದ ಹೊರತು ಅದು ಯಾರ ಕಣ್ಣಿಗೂ ಬೀಳದು.

ಇವೆರಡನ್ನು ಪರೀಕ್ಷಿಸಲು ತಂತಿಯನ್ನು ಬಿಚ್ಚಬೇಕಾಗಿಲ್ಲ. ಪೆಡಲು ತಿರುಗಿಸುತ್ತ ಚೈನನ್ನು ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಏರಿಸಿರಿ. ಅನಂತರ ಪೆಡಲನ್ನು ನಿಲ್ಲಿಸಿ, ಗಾಲಿ ಅಲುಗದಂತೆ ನೋಡಿಕೊಂಡು, ಲಿವರನ್ನು ಮಾತ್ರ ಅತ್ಯಂತ ಸಣ್ಣ ಚಕ್ರದ ಗೇರಿನವರೆಗೆ ಕ್ಲಿಕ್ಕಿಸಿರಿ. ಚೈನು ಇದ್ದಲ್ಲಿಯೇ ಇದ್ದು ತಂತಿ ಪೂರ್ಣವಾಗಿ ಸಡಿಲಾಗುತ್ತದೆ. ಆಗ ಚೌಕಟ್ಟಿನ ಸೀಳುಳ್ಳ ಹಿಡಿಗಳಿಂದ ಔಟರಿನ ತುದಿಗಳನ್ನು ಬೆರಳಿನಿಂದಲೇ ಹೊರತೆಗೆದು, ಔಟರನ್ನು ತಂತಿಯ ಮೇಲೆ ಅತ್ತಿತ್ತ ಸರಿಸಿ, ಇದುವರೆಗೆ ಕವಚದಲ್ಲಿ ಅಡಗಿದ್ದ ಭಾಗವನ್ನು ಬೆಳಕಿನಲ್ಲಿ ನೋಡಬಹುದು. ಒಳ್ಳೆಯ ತಂತಿಯ ಮೈ ಬೆಳ್ಳಗೆ ನುಣುಪಾಗಿರುತ್ತದೆ. ಕಡಲತೀರದಲ್ಲಿ ಒಂದೆರಡು ಮಳೆಗಾಲ ಕಂಡ ಸಾಧಾರಣ ತಂತಿಯನ್ನು ಹೀಗೆ ಹೊರಕ್ಕೆಳೆದಾಗ ಕೊನೆಯ ಬಳುಕಿನಿಂದ ಕೆಂಗಂದು ಬಣ್ಣದ ಹುಡಿ ಅಂಗೈಗೆ ಉದುರುತ್ತದೆ. ಬಿಳಿಯ ಬಟ್ಟೆಯಿಂದ ಹಿಡಿದು ಎಳೆದರೆ ಬಟ್ಟೆಯ ನೂಲು ಒಂದೆಡೆ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಕಣ್ಣು ಹತ್ತಿರ ತಂದು ನೋಡಿದರೆ 1.2 ಮಿಲಿಮೀಟರಿನ ತಂತಿಯನ್ನು ಹೆಣೆದಿರುವ ಎಳೆಗಳಲ್ಲಿ ಒಂದು ಕಡಿದು ಮುಳ್ಳಾಗಿ ನಿಂತಿರುವುದು ಕಾಣುತ್ತದೆ. ಇಷ್ಟು ಕಂಡ ಮೇಲೆ ತಿರುಪಿನ ವಿಚಾರವನ್ನು ಎತ್ತುವುದೇ ವ್ಯರ್ಥ. ತಂತಿಯನ್ನೂ ಔಟರನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ತಂತಿಯನ್ನು ಹಳೆಯ ಔಟರಿನಲ್ಲಿ ತೂರಿಸುವುದು ಕೊಳೆಯನ್ನು ಉಳಿಸಿಕೊಂಡಂತೆಯೇ ಸರಿ.

ಕೊಳ್ಳುವಾಗ ತುಕ್ಕುಹಿಡಿಯದ ಉಕ್ಕಿನ, ಎಂದರೆ ಸ್ಟೇನ್‌ಲೆಸ್ ಸ್ಟೀಲಿನ, ತಂತಿಯನ್ನೇ ಕೇಳಿ ಪಡೆಯಿರಿ; ಬೆಲೆಯಲ್ಲಿ ವ್ಯತ್ಯಾಸ ಅಲ್ಪ, ಕಡಲೂರಿನಲ್ಲಿ ಬಾಳಿಕೆಯ ವ್ಯತ್ಯಾಸ ಬಹಳ. ಔಟರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅವಶ್ಯ. ಬ್ರೇಕಿನ ಔಟರಿನೊಳಗೆ ಉಕ್ಕಿನ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ, ಗೇರಿನ ಔಟರಿನೊಳಗೆ ಎಳೆಗಳು ಉದ್ದಕ್ಕೆ ಸಾಲಾಗಿರುತ್ತವೆ. ಬ್ರೇಕಿನದು ಎಳೆತಕ್ಕೆ ಕಿಂಚಿತ್ತು ಕುಗ್ಗುವುದರಿಂದ ಅದನ್ನು ಗೇರಿಗೆ ಹಾಕಿದರೆ ಎಷ್ಟು ಹದ ಮಾಡಿದರೂ ಗೇರು ನಿಲ್ಲದು, ಗೇರಿನದನ್ನು ಬ್ರೇಕಿಗೆ ಹಾಕಿದರೆ ಅದು ಬಲವಾದ ಒತ್ತಡಕ್ಕೆ ಸೀಳಿಹೋಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಔಟರಿನ ತುದಿಯನ್ನು ಇಕ್ಕಳದಿಂದ ಜಜ್ಜದೆ ಹರಿತವಾದ ಕಟ್ಟರಿನಿಂದ ನೇರವಾಗಿ ಕತ್ತರಿಸಿ, ಒಳಗಿನ ಪ್ಲಾಸ್ಟಿಕ್ ನಾಳವು ಮುಚ್ಚಿದ್ದರೆ ದಬ್ಬಣದಿಂದ ಬಿಡಿಸಿ, ಟೋಪಿ ಹಾಕಿ ಕೂಡಿಸಬೇಕು. ಉದ್ದವೂ ಹದವಾಗಿರಲಿ: ಕೊನೆಯ ಬಳುಕು ಚಿಕ್ಕದಾದರೆ ತಂತಿ ಮುರುಟಿಕೊಳ್ಳುತ್ತದೆ, ಅತಿ ದೊಡ್ಡದಾದರೆ ನೀರು ನಿಲ್ಲುವ ತಗ್ಗು ಹೆಚ್ಚುತ್ತದೆ.

ತಂತಿಯು ನಿರ್ದೋಷವೆಂದು ಕಂಡರೆ ಎರಡನೆಯ ಸ್ಥಾನ ಹ್ಯಾಂಗರಿನದು. ಡಿರೈಲರು ಚೌಕಟ್ಟಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಹಿಂಗಾಲಿಯ ಅಚ್ಚಿನ ಬಳಿ ಕಿವಿಯಂತೆ ಇಳಿಬಿದ್ದಿರುವ ಒಂದು ತುಂಡು ಲೋಹಕ್ಕೆ ಅದನ್ನು ತಿರುಪಿರುತ್ತಾರೆ. ಅಲ್ಯುಮಿನಿಯಂ ಚೌಕಟ್ಟಿನ ಬೈಸಿಕಲ್ಲುಗಳಲ್ಲಿ ಈ ತುಂಡನ್ನು ಬುದ್ಧಿಪೂರ್ವಕವಾಗಿಯೇ ಮೃದುವಾಗಿ ಮಾಡಿರುತ್ತಾರೆ. ಪೆಟ್ಟು ಬಿದ್ದಾಗ ತಾನು ಬಾಗಿ ಅಥವಾ ಮುರಿದು ಚೌಕಟ್ಟನ್ನು ಕಾಪಾಡುವುದೇ ಅದರ ಕರ್ತವ್ಯ. ಬೈಸಿಕಲ್ಲು ಬಲಮಗ್ಗುಲಿಗೆ ಒಮ್ಮೆ ಬಿದ್ದರೆ, ಸಾಲಾಗಿ ನಿಲ್ಲಿಸಿದ ಕಡೆ ಪಕ್ಕದ ಸ್ಕೂಟರಿನ ಸ್ಟ್ಯಾಂಡು ತಾಗಿದರೆ, ಇಲ್ಲವೆ ಸಾಮಾನಿನ ನಡುವೆ ತುರುಕಲ್ಪಟ್ಟರೆ ಸಾಕು, ಅದು ಒಳಕ್ಕೆ ಬಾಗುತ್ತದೆ. ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ರೈಲಿನಲ್ಲಿ ಸುಮಾರು 350 ಕಿಲೋಮೀಟರು. ವರ್ಗವಾದವರೂ ವಿದ್ಯಾರ್ಥಿಗಳೂ ಬೈಸಿಕಲ್ಲನ್ನು ಪಾರ್ಸೆಲಾಗಿ ಬ್ರೇಕ್‌ವ್ಯಾನಿನಲ್ಲಿ ಕಳುಹಿಸುವುದುಂಟು. ಹೀಗೆ ಪ್ರಯಾಣ ಮಾಡಿಬಂದ ಬೈಸಿಕಲ್ಲಿನ ಗೇರು ಕೆಟ್ಟಿದ್ದರೆ ಮೊದಲು ಅನುಮಾನಿಸತಕ್ಕದ್ದು ಹ್ಯಾಂಗರನ್ನೇ.

ಪರೀಕ್ಷೆ ಸರಳವಾದದ್ದು. ಬೈಸಿಕಲ್ಲಿನ ಹಿಂದೆ ಕುಳಿತು, ಕಣ್ಣನ್ನು ಹಲ್ಲುಚಕ್ರಗಳ ಮಟ್ಟಕ್ಕೆ ತಂದು ನೋಡಿದಾಗ, ಚೈನು ಕುಳಿತ ಚಕ್ರ, ಅದರ ಕೆಳಗಿನ ಮೊದಲ ಪುಟ್ಟ ಗಾಲಿ, ಅದರ ಕೆಳಗಿನ ಎರಡನೆಯ ಪುಟ್ಟ ಗಾಲಿ, ಈ ಮೂರೂ ಒಂದೇ ಲಂಬರೇಖೆಯಲ್ಲಿ ಕಾಣಬೇಕು. ಕೆಳಗಿನ ಗಾಲಿಯು ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರು ಬಾಗಿದೆ. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ಹಿಂಗಾಲಿಯ ಅಚ್ಚು ತನ್ನ ಗೂಡಿನಲ್ಲಿ ಪೂರ್ಣವಾಗಿ ಕುಳಿತಿದೆಯೇ ಎಂಬುದನ್ನು ನೋಡತಕ್ಕದ್ದು. ಬೈಸಿಕಲ್ಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಅಚ್ಚಿನ ಬಿಗಿಯನ್ನು ಸಡಿಲಿಸಿದರೆ ಭಾರಕ್ಕೆ ಅದು ತಾನಾಗಿ ಸ್ಥಾನಕ್ಕೆ ಇಳಿಯುತ್ತದೆ, ಮತ್ತೆ ಬಿಗಿದರಾಯಿತು. ಪಂಕ್ಚರು ಹಾಕಿಸಿದ ಮಾರನೆಯ ದಿನವೇ ಗೇರು ಕೆಟ್ಟಿತೆಂಬ ದೂರಿಗೆ ಹಲವು ವೇಳೆ ಇಷ್ಟೇ ಕಾರಣ.

ಬಾಗಿದ ಹ್ಯಾಂಗರನ್ನು ಕಣ್ಣಂದಾಜಿನಲ್ಲಿ ಇಕ್ಕಳದಿಂದ ಎಳೆಯುವುದು ಸಲ್ಲದು. ಗಾಲಿಯ ಸುತ್ತಳತೆಗೆ ಹಿಡಿದು ಅಳೆಯುವ ಉದ್ದ ತೋಳಿನ ಉಪಕರಣವೊಂದಿದೆ. ಅದುಳ್ಳ ಅಂಗಡಿಯಲ್ಲಿ ಕೊಟ್ಟರೆ ಹತ್ತು ನಿಮಿಷದ ಕೆಲಸ. ಉಕ್ಕಿನ ಹ್ಯಾಂಗರು ಇಂಥ ತಿದ್ದುವಿಕೆಯನ್ನು ಚೆನ್ನಾಗಿ ತಡೆಯುತ್ತದೆ. ಅಲ್ಯುಮಿನಿಯಮ್ಮಿನದು ಒಮ್ಮೆ ತಡೆದೀತು, ಪದೇ ಪದೇ ಬಾಗಿಸಿದರೆ ಬಿರುಕು ಬಿಟ್ಟು ಮುರಿಯುತ್ತದೆ. ಇವುಗಳ ಆಕಾರದಲ್ಲಿ ನೂರಾರು ಭೇದಗಳಿರುವುದರಿಂದ ಹೊಸದನ್ನು ಕೊಳ್ಳುವಾಗ ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಹೋಗಬೇಕು. ಸಿಕ್ಕಿದಾಗ ಎರಡನ್ನು ಕೊಂಡು ಒಂದನ್ನು ಸೀಟಿನ ಚೀಲದಲ್ಲಿಟ್ಟಿರುವುದು ಒಳ್ಳೆಯದು. ರೈಲಿಗೆ ಹಾಕುವ ಮುನ್ನ ಚೈನನ್ನು ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಏರಿಸಿಟ್ಟರೆ ಡಿರೈಲರು ಒಳಕ್ಕೆ ಅಡಗಿ ಪೆಟ್ಟಿನಿಂದ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಇನ್ನೂ ನಿಶ್ಚಿಂತೆ ಬೇಕೆನ್ನುವವರು 5 ಮಿಲಿಮೀಟರಿನ ಅಲೆನ್ ಕೀಯಿಂದ ಡಿರೈಲರನ್ನೇ ಹ್ಯಾಂಗರಿನಿಂದ ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಹಿಂದಣ ತ್ರಿಕೋಣದೊಳಗೆ ಕಟ್ಟಿಡಬಹುದು. ಕಡಲೂರಿನವರು ಅದನ್ನು ಮರಳಿ ಕೂಡಿಸುವಾಗ ತಿರುಪಿನ ಎಳೆಗಳಿಗೆ ಸ್ವಲ್ಪ ಗ್ರೀಸು ಸವರುವುದನ್ನು ಮರೆಯಬಾರದು: ಉಪ್ಪುತೇವದ ಸನ್ನಿಧಿಯಲ್ಲಿ ಉಕ್ಕು ಮತ್ತು ಅಲ್ಯುಮಿನಿಯಂ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಎರಡೂ ಬೆಸೆದಂತೆ ಕಚ್ಚಿಕೊಂಡು ಮತ್ತೆ ಬಿಚ್ಚುವುದು ದುಸ್ತರವಾಗುತ್ತದೆ.

ವಿಜಯವಾಡದ ಕಡೆಗೆ ಬಂದರೆ ಚಿತ್ರ ಬದಲಾಗುತ್ತದೆ. ಮಹಾಬಲೇಶ್ವರದಲ್ಲಿ ಹುಟ್ಟಿ ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆಗೆ ಇಲ್ಲಿ 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜು ಅಡ್ಡನಿಂತಿದೆ. ಅದರಿಂದ ಹೊರಟ ಏಲೂರು, ಬಂದರು, ರೈವ್ಸ್ ಕಾಲುವೆಗಳು ಊರನ್ನು ಸೀಳಿಕೊಂಡು ಹೋಗುತ್ತವೆ. ಇಂದ್ರಕೀಲಾದ್ರಿಯನ್ನೂ ಅದರ ಸುತ್ತಣ ಗುಡ್ಡಗಳನ್ನೂ ಬಿಟ್ಟರೆ ಸವಾರಿಯೆಲ್ಲ ಸಮತಟ್ಟು. ಬ್ಯಾರೇಜನ್ನು ದಾಟಿ ಉಂಡವಲ್ಲಿಯ ಗುಹೆಗಳ ಕಡೆಗಾಗಲಿ, ಕಾಲುವೆಯ ಏರಿಗಳ ಗುಂಟವಾಗಲಿ ಹೋಗುವವನು ಗಂಟೆಗಟ್ಟಲೆ ಒಂದೇ ಗೇರಿನಲ್ಲಿ ತುಳಿಯುತ್ತಾನೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಬಿಸಿಲಿಗೆ ನೆಲವೆಲ್ಲ ಹುಡಿಯಾಗಿ ಏಳುವ ಧೂಳು ಚೈನಿನ ಎಣ್ಣೆಯಲ್ಲಿ ಬೆರೆತು ಕರಿಯ ಲೇಪವಾಗುತ್ತದೆ. ಇದು ಲೋಹವನ್ನು ಉಜ್ಜುವ ಅರೆಹಿಟ್ಟು. ಎಣ್ಣೆ ಹೆಚ್ಚು ಹಾಕಿದಷ್ಟೂ ಲೇಪ ಹೆಚ್ಚು, ಲೇಪ ಹೆಚ್ಚಿದಷ್ಟೂ ಸವೆತ ಹೆಚ್ಚು.

ಚೈನಿನ ಸವೆತವನ್ನು ಅಳೆಯಲು ಶಾಲೆಯ ಮಕ್ಕಳ ಹನ್ನೆರಡು ಅಂಗುಲದ ಅಳತೆಪಟ್ಟಿ ಸಾಕು. ಬೈಸಿಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು, ಆದುದರಿಂದ ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿ, ಇಪ್ಪತ್ತನಾಲ್ಕನೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ ಹನ್ನೆರಡು ಅಂಗುಲ, 304.8 ಮಿಲಿಮೀಟರು ಇರುತ್ತದೆ. ಪಿನ್ನುಗಳು ಸವೆದಂತೆ ಈ ಉದ್ದ ಬೆಳೆಯುತ್ತದೆ. ಸುಮಾರು ಒಂದೂವರೆ ಮಿಲಿಮೀಟರು ಬೆಳೆದಾಗ ಚೈನನ್ನು ಬದಲಿಸಿದರೆ ಹಲ್ಲುಚಕ್ರಗಳು ಉಳಿಯುತ್ತವೆ. 3 ಮಿಲಿಮೀಟರು ಬೆಳೆಯುವವರೆಗೆ ಸುಮ್ಮನಿದ್ದರೆ ಚಕ್ರಗಳ ಹಲ್ಲುಗಳೂ ಆ ಉದ್ದಕ್ಕೆ ಹೊಂದಿಕೊಂಡು ಕೊರೆದುಹೋಗಿರುತ್ತವೆ, ಆಗ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಕೂರದೆ ಜಾರುತ್ತದೆ. ಬಯಲೂರಿನಲ್ಲಿ ಈ ಜಾರಿಕೆ ಒಂದೇ ಗೇರಿನಲ್ಲಿ ಕಾಣಿಸಿಕೊಳ್ಳುವುದು ವಿಶೇಷ: ನಿತ್ಯವೂ ಬಳಸಿದ ನಡುವಿನ ಒಂದು ಚಕ್ರ ಸವೆದು, ಉಳಿದವೆಲ್ಲ ಹೊಸದರಂತೆಯೇ ಇರುತ್ತವೆ. ಹೊಸ ಚೈನು ಹಾಕಿಸಿದ ಮೇಲೆ ಹೀಗಾದರೆ ಚೈನನ್ನು ದೂರಬೇಡಿರಿ. ಚಕ್ರಗಳ ಗುಂಪನ್ನೇ ಬದಲಿಸಬೇಕು. ಸಮತಟ್ಟಿನಲ್ಲಿಯೂ ಆಗಾಗ ಪಕ್ಕದ ಗೇರುಗಳಿಗೆ ಸರಿದು ತುಳಿಯುವ ಅಭ್ಯಾಸವಿದ್ದರೆ ಈ ಖರ್ಚು ಬಹುಕಾಲ ಮುಂದಕ್ಕೆ ಹೋಗುತ್ತದೆ.

ಇಷ್ಟನ್ನೂ ನೋಡಿಯಾದ ಮೇಲೆ ತಿರುಪುಗಳ ಕಡೆಗೆ ಬರೋಣ. ಡಿರೈಲರಿನ ಮೇಲೆ ಜೊತೆಯಾಗಿರುವ ಎರಡಕ್ಕೆ 'ಎಚ್' ಮತ್ತು 'ಎಲ್' ಎಂಬ ಗುರುತುಗಳಿವೆ. ಇವು ತೋಳಿನ ಸಂಚಾರಕ್ಕೆ ಎಲ್ಲೆ ಹಾಕುತ್ತವೆಯೇ ಹೊರತು ನಡುವಿನ ಗೇರುಗಳಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಚೈನು ಸಣ್ಣ ಚಕ್ರದಲ್ಲಿರುವಾಗ ತಂತಿಯನ್ನು ಕಚ್ಚಿರುವ ಬೋಲ್ಟನ್ನು ಸಡಿಲಿಸಿ, ಮೇಲಿನ ಪುಟ್ಟ ಗಾಲಿಯು ಅತ್ಯಂತ ಸಣ್ಣ ಚಕ್ರದ ಹೊರ ಅಂಚಿನ ನೇರಕ್ಕೆ ಬರುವಂತೆ 'ಎಚ್' ತಿರುಪನ್ನು ತಿರುಗಿಸಬೇಕು. ಅನಂತರ ಪೆಡಲು ತಿರುಗಿಸುತ್ತ ತೋಳನ್ನು ಕೈಯಿಂದಲೇ ಒಳಕ್ಕೆ ಒತ್ತಿ, ಅದು ಅತ್ಯಂತ ದೊಡ್ಡ ಚಕ್ರದ ನೇರಕ್ಕೆ ಬಂದು ನಿಲ್ಲುವಂತೆಯೂ ಅದರಾಚೆಗೆ ಕೂದಲೆಳೆಯಷ್ಟೂ ಹೋಗದಂತೆಯೂ 'ಎಲ್' ತಿರುಪನ್ನು ಬಿಗಿಮಾಡಬೇಕು. ಈ 'ಎಲ್' ವಿಷಯದಲ್ಲಿ ಓದುಗರು ಉದಾಸೀನ ಮಾಡಕೂಡದೆಂದು ನಾನು ಒತ್ತಿ ಹೇಳುತ್ತೇನೆ: ಅದು ಸಡಿಲವಾಗಿದ್ದರೆ ಡಿರೈಲರು ತಿರುಗುವ ಕಡ್ಡಿಗಳೊಳಗೆ ಸಿಕ್ಕಿ ಗಾಲಿಯೂ ಹ್ಯಾಂಗರೂ ಒಂದೇ ಕ್ಷಣದಲ್ಲಿ ಧ್ವಂಸವಾಗುತ್ತವೆ, ಸವಾರನು ನೆಲಕ್ಕೆ ಬೀಳುತ್ತಾನೆ. ಮೂರನೆಯದಾದ 'ಬಿ' ತಿರುಪು ಮೇಲಿನ ಪುಟ್ಟ ಗಾಲಿಗೂ ದೊಡ್ಡ ಚಕ್ರಕ್ಕೂ ನಡುವಣ ಅಂತರವನ್ನು ನಿರ್ಧರಿಸುತ್ತದೆ. ಸಾಧಾರಣ ಬೈಸಿಕಲ್ಲಿನಲ್ಲಿ 5ರಿಂದ 6 ಮಿಲಿಮೀಟರು ಇದ್ದರೆ ಸಾಕು.

ಕೊನೆಗೆ ತಂತಿಯ ಬಿಗುವು. ಔಟರು ಡಿರೈಲರನ್ನು ಸೇರುವಲ್ಲಿ ಬೆರಳಿನಿಂದ ತಿರುಗಿಸಬಹುದಾದ ಉರುಳೆಯಾಕಾರದ ತಿರುಪಿದೆ. ಇದೇ ಬ್ಯಾರಲ್ ಅಡ್ಜಸ್ಟರು. ಅದನ್ನು ಪೂರ್ಣವಾಗಿ ಒಳಕ್ಕೆ ತಿರುಗಿಸಿ ಒಂದೆರಡು ಸುತ್ತು ಹೊರಕ್ಕೆ ಬಿಟ್ಟು, ತಂತಿಯನ್ನು ಕೈಯಿಂದ ಎಳೆದು ಹಿಡಿದು ಬೋಲ್ಟನ್ನು ಬಿಗಿಯಿರಿ. ಒಂದು ಕ್ಲಿಕ್ಕು ಕೊಟ್ಟಾಗ ಚೈನು ಎರಡನೆಯ ಚಕ್ರಕ್ಕೆ ಏರದಿದ್ದರೆ, ಹಿಂದಿನಿಂದ ನೋಡುವಾಗ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿರಿ. ಏರಿ ನಿಂತ ಮೇಲೆ ಇನ್ನೂ ಸ್ವಲ್ಪ ಸ್ವಲ್ಪವಾಗಿ ಅದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಚೈನು ಮೂರನೆಯ ಚಕ್ರವನ್ನು ಸವರಿ ಸದ್ದು ಮಾಡಲಾರಂಭಿಸುತ್ತದೆ. ಆಗ ಪ್ರದಕ್ಷಿಣವಾಗಿ ಹಿಂದಕ್ಕೆ ತಿರುಗಿಸುತ್ತ ಬಂದು ಸದ್ದು ನಿಂತ ಬಿಂದುವಿನಲ್ಲಿ ಬಿಡಬೇಕು. ಹದವೆಂದರೆ ಇದೇ. ತಂತಿಯೂ ಹ್ಯಾಂಗರೂ ನೆಟ್ಟಗಿದ್ದರೆ ಉಳಿದ ಗೇರುಗಳು ತಾವಾಗಿಯೇ ಸರಿಹೋಗುತ್ತವೆ. ಹೊಸ ತಂತಿ ಹಾಕಿದ ಮೊದಲ ವಾರಗಳಲ್ಲಿ ಔಟರಿನ ತುದಿಗಳು ಗೂಡುಗಳಲ್ಲಿ ಕೂಡುವಾಗ ಬಿಗುವು ಸ್ವಲ್ಪ ಇಳಿಯುವುದು ಸಹಜ. ಇದೇ ಬ್ಯಾರಲನ್ನು ಅರ್ಧ ಸುತ್ತು ತಿರುಗಿಸಿದರೆ ಸಾಕು. ಮುಂದಿನ ದೊಡ್ಡ ಚಕ್ರದಿಂದ ಹಿಂದಿನ ಅತಿ ದೊಡ್ಡ ಚಕ್ರಕ್ಕೆ, ಇಲ್ಲವೆ ಮುಂದಿನ ಸಣ್ಣದರಿಂದ ಹಿಂದಿನ ಅತಿ ಸಣ್ಣದಕ್ಕೆ ಚೈನು ಓರೆಯಾಗಿ ಹಾಯ್ದಾಗ ಬರುವ ಸದ್ದು ದೋಷವಲ್ಲ, ಅಂಥ ಜೋಡಣೆಯಲ್ಲಿ ತುಳಿಯದಿರುವುದೇ ಅದಕ್ಕೆ ಪರಿಹಾರ.

ಎಣ್ಣೆಯ ವಿಚಾರದಲ್ಲಿ ಎರಡೂರಿಗೆ ಎರಡು ನೀತಿ. ವಿಶಾಖಪಟ್ಟಣದಲ್ಲಿ ತೀರದ ಸವಾರಿಯಿಂದ ಬಂದ ದಿನವೇ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಚೈನನ್ನೂ ಡಿರೈಲರನ್ನೂ ಒರೆಸಿ, ಒಣಗಿಸಿ, ಬಳಿಕ ಎಣ್ಣೆ ಹಾಕಬೇಕು. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ. ವಿಜಯವಾಡದಲ್ಲಿ ಚೈನನ್ನು ಸೀಮೆಎಣ್ಣೆಯಿಂದ ತೊಳೆದು ಪೂರ್ತಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಮಾತ್ರ ಬಿಟ್ಟು, ಹೊರಮೈಯನ್ನು ಒಣಬಟ್ಟೆಯಿಂದ ಎಣ್ಣೆಯೇ ಇಲ್ಲವೆಂಬಷ್ಟು ಒರೆಸಿಬಿಡಬೇಕು. ಚೈನಿಗೆಂದೇ ಮಾಡಿದ ಎಣ್ಣೆ ಉತ್ತಮ. ದೊರೆಯದಿದ್ದರೆ ಹೊಲಿಗೆ ಯಂತ್ರದ ತೆಳುವಾದ ಎಣ್ಣೆಯಾದೀತು, ಆದರೆ ಅದನ್ನು ಮೇಲಿಂದ ಮೇಲೆ ಹಾಕಬೇಕಾಗುತ್ತದೆ. ಕೊಬ್ಬರಿಎಣ್ಣೆಯನ್ನು ಹಚ್ಚುವ ರೂಢಿ ನಮ್ಮ ಮನೆಗಳಲ್ಲುಂಟು. ಅದು ಅಂಟಾಗಿ ಧೂಳನ್ನು ಸೆಳೆಯುವುದರಿಂದ ಬಿಟ್ಟುಬಿಡುವುದು ಲೇಸು.

ಕೈಯಲ್ಲಿ ತಿರುಗಿಸಿದಾಗ ಸರಿಯಾಗಿ ತೋರಿದ ಗೇರನ್ನು ಏರಿನ ಮೇಲೆ ಪರೀಕ್ಷಿಸಿಯೇ ಒಪ್ಪಿಕೊಳ್ಳತಕ್ಕದ್ದು. ಸಮುದ್ರಮಟ್ಟದಿಂದ ಸುಮಾರು 300 ಮೀಟರು ಎತ್ತರದಲ್ಲಿರುವ ಸಿಂಹಾಚಲದ ದಾರಿಯಾಗಲಿ ವಿಶಾಖಪಟ್ಟಣದ ಕೈಲಾಸಗಿರಿಯ ದಾರಿಯಾಗಲಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅಲ್ಲಿಯೂ ಏರು ತೊಡಗುವ ಮುನ್ನವೇ ಹಗುರವಾದ ಗೇರಿಗೆ, ಎಂದರೆ ಹಿಂದಿನ ದೊಡ್ಡ ಚಕ್ರದ ಕಡೆಗೆ, ಬದಲಿಸಿಕೊಳ್ಳಬೇಕು. ನಡುವೆ ಬದಲಿಸಲೇಬೇಕಾದರೆ ಕ್ಲಿಕ್ಕು ಕೊಡುವ ಅರೆಕ್ಷಣ ಕಾಲಿನ ಒತ್ತಡವನ್ನು ಸಡಿಲಿಸಿ ಪೆಡಲನ್ನು ಹಗುರವಾಗಿ ತಿರುಗಿಸಿದರೆ ಚೈನು ನಿರಾಯಾಸವಾಗಿ ಸರಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೆಯೂ ಚೈನು ಹಲ್ಲಿನ ಮೇಲೆ ನೆಟ್ಟಗಿದ್ದುಕೊಂಡೇ ಪೆಡಲು ಮಾತ್ರ ಬರಿದೇ ಮುಂದಕ್ಕೆ ಕುಸಿದರೆ, ದೋಷವು ಗೇರಿನದಲ್ಲ. ಹಿಂಗಾಲಿಯ ಫ್ರೀವೀಲಿನೊಳಗೆ ಹಿಡಿದುಕೊಳ್ಳುವ ಪುಟ್ಟ ನಾಲಗೆಗಳು ಕೊಳೆಯಿಂದ ಅಂಟಿಕೊಂಡಿವೆ ಅಥವಾ ಸವೆದಿವೆ. ಅದನ್ನು ಕಳಚಲು ಪ್ರತಿ ಮಾದರಿಗೂ ಬೇರೆ ಬೇರೆ ಸಲಕರಣೆ ಬೇಕಾಗುವುದರಿಂದ ಆ ಕೆಲಸವನ್ನು ಅಂಗಡಿಗೇ ಒಪ್ಪಿಸಬೇಕು, ಒಪ್ಪಿಸುವಾಗ ತಂತಿ, ಹ್ಯಾಂಗರು, ಚೈನುಗಳನ್ನು ನೋಡಿಯಾಗಿದೆಯೆಂದು ಮೆಕ್ಯಾನಿಕನಿಗೆ ತಿಳಿಸಿಬಿಡಬೇಕು.